ನಾಲ್ಕೂ ಇದ್ದರೆ ಬಿಚ್ಚುವ ಗಂಟು

"ಈಗ ಪೇಪರ್ ಯಾರು ಓದ್ತಾರ ಬಿಡ್ರಿ" ಎಂದು ನನ್ನೆದುರು ಯಾರಾದರೂ ಅಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಅಂಥವರನ್ನೆಲ್ಲ ಆ ಶುಕ್ರವಾರ ಸಂಜೆ ಮಸ್ಕಿ ಬಸ್ ನಿಲ್ದಾಣಕ್ಕೆ ಎಳೆದುಕೊಂಡು ಹೋಗಿ ನಿಲ್ಲಿಸಬೇಕಿತ್ತು. ಪತ್ರಿಕೆಯ ಒಂದು ಗಂಟಿನ ಸುತ್ತ ಅಷ್ಟು ಜನ ಸೇರಿದ್ದನ್ನು ನಾನಂತೂ ಹಿಂದೆಂದೂ ನೋಡಿರಲಿಲ್ಲ. ನೆನೆಸಿಕೊಂಡರೆ ಈಗಲೂ ಎದೆ ಡವಗುಟ್ಟುತ್ತದೆ.

ನಾನು ರಾಜಶ್ರೀ. ಲಿಂಗಸುಗೂರಿನ 'ಊರ ಟಪಾಲು' ಎಂಬ ಸಂಜೆ ಪತ್ರಿಕೆಯ ಪ್ರಕಾಶಕಿ, ಸಂಪಾದಕಿ, ಪ್ರೂಫ್ ತಿದ್ದುವವಳು, ಜಾಹೀರಾತಿಗೆ ಅಂಗಡಿ ಅಂಗಡಿ ಅಲೆಯುವವಳು, ಎಲ್ಲ ನಾನೇ. ಜೊತೆಗೆ ನಮ್ಮ ಪತ್ರಿಕಾ ಪ್ರಕಾಶಕರ ಸಂಘದ ಕಾರ್ಯದರ್ಶಿ. ಸಂಘ ಎಂದ ಕೂಡಲೇ ಕಟ್ಟಡ, ಕುರ್ಚಿ, ಮೈಕು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಇರುವುದು ನಾಲ್ಕೇ ಪತ್ರಿಕೆ. ಸಿಂಧನೂರಿನಲ್ಲಿ ಬಸವಂತರಾಯ ಅಣ್ಣನವರ 'ಸಂಜೆ ಕಾಲುವೆ'. ಅವರೇ ಅಧ್ಯಕ್ಷರು, ನಾಲ್ಕೂ ಪತ್ರಿಕೆ ಅಚ್ಚಾಗುವುದು ಅವರ ಪ್ರೆಸ್ಸಿನಲ್ಲೇ. ಮುದಗಲ್‌ನಲ್ಲಿ ಉಸ್ಮಾನ್‌ಸಾಬ್ ಚಾಚಾ ಅವರ 'ಕೋಟೆ ಬಾಗಿಲು'. ನನ್ನದೊಂದು. ಮತ್ತೆ ಮಸ್ಕಿಯಿಂದ ಸುಕನ್ಯಾಳ 'ಕೊನೆಭಾಗ'.

ಪತ್ರಿಕೆಗೆ ಇಡುವ ಹೆಸರೇ ಇದು ಎಂದು ನಾನು ಮೊದಲ ದಿನವೇ ಅವಳನ್ನು ರೇಗಿಸಿದ್ದೆ. "ಕಾಲುವಿ ನೀರು ಕೊನಿಭಾಗಕ್ಕ ಮುಟ್ಟಂಗಿಲ್ಲ. ಸುದ್ದಿನಾದ್ರೂ ಮುಟ್ಲಿ ಬಿಡ್ರಿ ಅಕ್ಕಾರ" ಎಂದು ತಿರುಗಿ ಹೇಳಿದ್ದಳು. ಅಂಬಪ್ಪ ಮಾಸ್ತರರ ಮಗಳು, ಇನ್ನೂ ಮೂವತ್ತಾಗಿಲ್ಲ, ಮಾತು ಮಾತ್ರ ಖಾರ. ಸಂಘದ ಸಭೆಯಲ್ಲಿ ನನಗೂ ಅವಳಿಗೂ ಜಗಳವಾಗದ ದಿನವಿಲ್ಲ.

ನಮ್ಮ ಸಂಘಕ್ಕೆ ಒಂದು ಕಾಯಿದೆ ಇದೆ. ನಾಲ್ಕೂ ಪತ್ರಿಕೆಗಳನ್ನು ಸೇರಿಸಿ, ಊರಿಗೊಂದರಂತೆ ಒಂದೇ ಗಂಟು ಕಟ್ಟಬೇಕು. ಮಧ್ಯಾಹ್ನದ ಬಸ್ಸಿಗೆ ಹಾಕಬೇಕು. ಗಂಟಿನಲ್ಲಿ ನಾಲ್ಕೂ ಇದ್ದರೆ ಮಾತ್ರ ಬಿಚ್ಚಬೇಕು. ಒಂದು ಇಲ್ಲದಿದ್ದರೂ ಬಿಚ್ಚಬಾರದು, ಮಾರಬಾರದು. ಹುಚ್ಚು ಕಾಯಿದೆ ಎನ್ನಿಸುತ್ತದೆ ಅಲ್ಲವೇ? ಹಿಂದೆ ಬಸವಂತರಾಯ ಅಣ್ಣನವರಿಗೂ ಉಸ್ಮಾನ್‌ಸಾಬ್ ಚಾಚಾ ಅವರಿಗೂ ಹಾವು ಮುಂಗುಸಿ ಸಂಬಂಧವಿತ್ತು. ಇವರ ಪೇಪರಿನ ಕಟ್ಟು ಅವರ ಕಡೆಯವರ ಕೈಯಲ್ಲಿ ಕಾಲುವೆ ಪಾಲಾಗುತ್ತಿತ್ತು, ಅವರದು ಯಾವುದೋ ಹೋಟೆಲಿನಲ್ಲಿ ಭಜಿ ಕಟ್ಟಲು ಹೋಗುತ್ತಿತ್ತು. ಕೊನೆಗೆ ಇಬ್ಬರಿಗೂ ಸಾಕಾಗಿ ಒಂದು ಕಡೆ ಕೂತರು, ಈ ಕಾಯಿದೆ ಮಾಡಿದರು. ಸಂಘ ಹುಟ್ಟಿದ್ದೇ ಹಾಗೆ. ಅಂದಿನಿಂದ ಯಾರ ಪೇಪರೂ ಕಾಲುವೆಗೆ ಬಿದ್ದಿಲ್ಲ, ಏಕೆಂದರೆ ಒಬ್ಬರದನ್ನು ಎಸೆದರೆ ತನ್ನದೂ ಹೋಗುತ್ತದೆ.

ಆ ಶುಕ್ರವಾರ ಸುಕನ್ಯಾಳೊಬ್ಬಳನ್ನು ಬಿಟ್ಟು ನಾವು ಮೂವರೂ ನೆಲದ ಮೇಲೆ ಇರಲಿಲ್ಲ. ಸಿದ್ದಲಿಂಗೇಶ ಎಂಬ ಲೇಔಟ್ ಮಾಲೀಕರು ಮಸ್ಕಿಯ ಹೊರಗೆ 'ಸುಖಧಾಮ' ಎಂಬ ಬಡಾವಣೆ ತೆಗೆದಿದ್ದರು. ಸಂಜೆ ಅಲ್ಲೇ ಪೂಜೆ, ಅಲ್ಲೇ ಪ್ಲಾಟ್ ಬುಕಿಂಗ್. ಅದಕ್ಕೆ ನಮಗೆ ಇಡೀ ಪುಟದ ಜಾಹೀರಾತು, ಮೂಲೆಯಲ್ಲಿ ಕತ್ತರಿಸಿಕೊಳ್ಳುವ ಒಂದು ಕೂಪನ್! ಕೂಪನ್ ತಂದವರಿಗೆ ರಿಯಾಯಿತಿ, ಮೊದಲು ಬಂದವರಿಗೆ ಮೂಲೆ ಪ್ಲಾಟ್. ನಮ್ಮ ಕಡೆ ಈಗ ಮಾಸ್ತರಿಕೆ, ನರ್ಸ್ ಕೆಲಸ, ಆಫೀಸು ಎಂದು ಪಗಾರ ಕಾಣುವ ಮನೆಗಳು ಎಷ್ಟೋ ಇವೆ, ಎಲ್ಲರಿಗೂ ಒಂದು ಪ್ಲಾಟಿನ ಆಸೆ. ನನ್ನ ಸ್ವಂತ ಅಕ್ಕ ಶೇಖರಮ್ಮ, ಮಸ್ಕಿಗೆ ಮದುವೆಯಾಗಿ ಹೋದವಳು, ಬೆಳಗ್ಗೆಯಿಂದ ಫೋನು ಮಾಡಿ ನನ್ನ ತಲೆ ತಿಂದಿದ್ದಳು. "ನನಗೊಂದು ಪೇಪರ್ ತೆಗದಿಡಬೇ ರಾಜಿ, ಮೂಲಿ ಪ್ಲಾಟ್ ಬ್ಯಾರೆಯವರ ಪಾಲಾದ್ರ ನಿನ್ನ ಸುಮ್ನ ಬಿಡಂಗಿಲ್ಲ ನೋಡು!" ಇದ್ದ ಕಾಗದವನ್ನೆಲ್ಲ ಬಳಸಿ ಎಂದಿಗಿಂತ ಹೆಚ್ಚು ಪ್ರತಿ ಹಾಕಿಸಿದ್ದೆವು. ಖುಷಿಗೆ ನನಗೆ ಬೆಳಗಿನ ಊಟವೂ ಸೇರಿರಲಿಲ್ಲ.

ಸುಕನ್ಯಾ ಮಾತ್ರ ಆ ಜಾಹೀರಾತನ್ನು ಬೇಡ ಎಂದಿದ್ದಳು. ಅಷ್ಟೇ ಅಲ್ಲ, ತನ್ನ ಮುಖಪುಟದ ತುಂಬ ಒಂದು ಫೋಟೋ ಹಾಕಿದ್ದಳು. ಹೋದ ವರ್ಷದ ಮಳೆಗಾಲದಲ್ಲಿ ತಾನೇ ತೆಗೆದದ್ದು. ಬಡಾವಣೆಯಾಗಿರುವ ಅದೇ ತಗ್ಗು ಹೊಲ ಕೆರೆಯಂತೆ ತುಂಬಿ ನಿಂತಿದೆ, ನಡುವೆ ಒಂದು ಎಮ್ಮೆ ಕುತ್ತಿಗೆಮಟ ಮುಳುಗಿ ಆರಾಮಾಗಿ ನಿಂತಿದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ, 'ಇಲ್ಲಿ ಮನೆ ಕಟ್ಟುವ ಮೊದಲು ಈ ಎಮ್ಮೆಯನ್ನು ಕೇಳಿ!'

ಅವಳು ಪ್ರೆಸ್ಸಿಗೆ ಕಳಿಸಿದ ಪುಟವನ್ನು ಮೊಬೈಲಿನಲ್ಲಿ ನೋಡಿ ನಕ್ಕೆ, ಆಮೇಲೆ ಸಿಟ್ಟೂ ಬಂತು. ಮೊದಲೇ ಹೇಳಬಾರದಿತ್ತೇ ಎಂದು ಫೋನಿನಲ್ಲಿ ಕೇಳಿದರೆ, "ಸಭೆಯಾಗ ಹೇಳಾಕ ಹೋದ್ರ ನೀವೆಲ್ಲ ಕೂಪನ್ ಮಾತಾಡಾಕತ್ತಿದ್ರಿ, ನನ್ನ ಮಾತು ಯಾರು ಕೇಳಿದ್ರಿ?" ಎಂದಳು. ಫೋಟೋವನ್ನು ಬೆಳಗ್ಗೆ ವಾಟ್ಸಾಪ್‌ನಲ್ಲೂ ಬಿಟ್ಟಿದ್ದಳಂತೆ. ಸಿದ್ದಲಿಂಗೇಶರ ಕಡೆಯವರು ಅದರ ಕೆಳಗೆ 'ಫೇಕ್, ಎಡಿಟ್ ಮಾಡಿದ್ದು' ಎಂದು ಸಾಲು ಸಾಲು ಹಾಕಿ ಮುಗಿಸಿದ್ದರು. "ಅದಕ್ಕ ಪೇಪರ್ ಮುಟ್ಟಬೇಕ್ರಿ ಅಕ್ಕಾರ. ನನ್ನ ಹೆಸರು, ವಿಳಾಸ ಹಾಕಿ ಅಚ್ಚು ಮಾಡಿದ್ದು ಅದು. ಬುಕಿಂಗ್ ಸುರು ಆಗೋದ್ರಾಗ ಜನರ ಕೈಯಾಗ ಇರಬೇಕು. ನಾಳೆ ಮುಟ್ಟಿದ್ರ ಹಳೇ ಕಾಗದ" ಎಂದಳು. ಅವಳ ದನಿ ಮೊದಲ ಸಲ ನಡುಗಿದ್ದನ್ನು ಕೇಳಿದೆ.

ಮಧ್ಯಾಹ್ನ ನಾನೇ ಸಿಂಧನೂರಿನ ಪ್ರೆಸ್ಸಿಗೆ ಹೋದೆ. ಮಶಿನ್ ನೋಡಿಕೊಳ್ಳುವ ಹಸನ್‌ಸಾಬ್ ಗಂಟು ಕಟ್ಟುತ್ತಿದ್ದರು. ಮೂರು ಥರದ ಪೇಪರು ಕಂಡವು, ನಾಲ್ಕನೆಯದು ಕಾಣಲಿಲ್ಲ.

"ಕೊನೆಭಾಗ ಎಲ್ಲಿ ಹಸನ್‌ಸಾಬ್?"

"ಸಿದ್ದಲಿಂಗೇಶ ಸಾಹೇಬ್ರು ಒಯ್ದಾರಲ್ರಿ ಅಮ್ಮಾರ. 'ಸುಕನ್ಯಾ ಮೇಡಂ ಹೇಳ್ಯಾರ, ನಾನು ಮಸ್ಕಿಗೇ ಹೊಂಟೀನಿ, ಕಾರಿನ್ಯಾಗ ಮುಟ್ಟಸ್ತೀನಿ' ಅಂದ್ರು. ಇಷ್ಟು ದೊಡ್ಡ ಜಾಹೀರಾತು ಕೊಟ್ಟಾರ, ನಮ್ಮವರ ಅಂತ ಅಷ್ಟೂ ಹಾಕಿ ಕಳಿಸಿದೆ."

ಕೂಡಲೇ ಸುಕನ್ಯಾಳಿಗೆ ಫೋನು ಹಚ್ಚಿದೆ. ಅವಳು ಯಾರಿಗೂ ಹೇಳಿರಲಿಲ್ಲ. ಹಸನ್‌ಸಾಬ್ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು, ಪಾಪ. ಮತ್ತೆ ಅಚ್ಚು ಹಾಕೋಣವೆಂದರೆ ಕಾಗದವೇ ಉಳಿದಿರಲಿಲ್ಲ. ಬಸ್ಸು ಹೊರಡುವ ಹೊತ್ತಾಗಿತ್ತು.

ಒಳಗಿನಿಂದ ಬಂದ ಬಸವಂತರಾಯ ಅಣ್ಣ ಗಲ್ಲ ತುರಿಸಿಕೊಂಡರು. ಅವರಿಗೆ ಆಗಲೇ ವಿಷಯ ತಿಳಿದಿತ್ತು.

"ರಾಜಶ್ರೀ, ಇವತ್ತೊಂದಿನ ಕಾಯಿದಿ ಬದಿಗಿಡೋಣವಾ. ಜನ ಕೂಪನ್ ಸಲುವಾಗಿ ಬಾಯಿ ತಕ್ಕೊಂಡು ಕುಂತಾರ. ಇಂಥಾ ದಿನ ಮತ್ತ ಬರಂಗಿಲ್ಲ."

ಸುಳ್ಳೇಕೆ ಹೇಳಲಿ, ನನಗೂ ಒಂದು ಗಳಿಗೆ ಆಸೆಯಾಯಿತು. ನನ್ನ 'ಊರ ಟಪಾಲು' ಅಷ್ಟು ಚೆಂದ ಅಚ್ಚಾಗಿತ್ತು, ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಆದರೆ ಆ ಸಿದ್ದಲಿಂಗೇಶ ನಮ್ಮ ಪ್ರೆಸ್ಸಿಗೇ ಬಂದು, ನಮ್ಮ ಮನುಷ್ಯನಿಗೇ ಸುಳ್ಳು ಹೇಳಿ, ನಮ್ಮಲ್ಲೊಬ್ಬಳ ಪೇಪರನ್ನು ಎತ್ತಿಕೊಂಡು ಹೋಗಿದ್ದನಲ್ಲ! ಅದು ನೆನಪಾದದ್ದೇ ತಡ, ಸಿಟ್ಟಿಗೆ ನನ್ನ ಕಿವಿ ಬಿಸಿಯಾದವು.

"ಅಣ್ಣಾರ, ಇವತ್ತು ಅಕಿಂದು ಹೋಗೈತಿ. ನಾಳೆ ನಿಮ್ಮ ಪೇಪರಿನ್ಯಾಗ ಯಾರಿಗರ ಆಗದ ಸುದ್ದಿ ಬಂದ್ರ ನಿಮ್ದು ಒಯ್ತಾರ. ಆವಾಗ ನಾ ನನ್ನ ಗಂಟು ಬಿಚ್ಚಿ ಮಾರ್ಕೋತ ಕುಂದರ್ಲೇನು?"

ಅವರು ಬಾಯಿ ತೆರೆಯುವ ಮೊದಲೇ ಮೂರು ಊರಿನ ಗಂಟುಗಳನ್ನು ಆಟೋಕ್ಕೆ ಹಾಕಿಸಿ ಬಸ್ ಹತ್ತಿದೆ. ಏನು ಮಾಡುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ. ಗಂಟನ್ನಂತೂ ಬಿಚ್ಚಲು ಬಿಡುವುದಿಲ್ಲ, ಅಷ್ಟೇ ಗೊತ್ತಿತ್ತು.

ಬಸ್ಸಿನಲ್ಲಿ ಕೂತು ಉಸ್ಮಾನ್‌ಸಾಬ್ ಚಾಚಾ ಅವರಿಗೆ ಫೋನು ಮಾಡಿದೆ. ಅವರದು ನಮ್ಮೆಲ್ಲರಿಗಿಂತ ಬಡ ಪತ್ರಿಕೆ. ಮುದಗಲ್‌ನ ಪುಟ್ಟ ಅಂಗಡಿಯಲ್ಲಿ ಅವರೂ ಅವರ ಹೆಂಡತಿ ಪೀರ್‌ಬೀ ಅವರೂ ಕೂತು ತಾವೇ ಮಡಚುತ್ತಾರೆ, ತಾವೇ ಹಂಚುತ್ತಾರೆ. ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ.

"ಇಲ್ಲಿ ಅಂಗಡಿ ಮುಂದ ಮಂದಿ ನಿಂತಾರ ಬೇಟಿ," ಎಂದರು. "ನಿಂತ್ರ ನಿಲ್ಲಲಿ. ಆ ಹುಡಿಗಿದು ಇಲ್ಲಂದ್ರ ನಂದೂ ಬ್ಯಾಡ. ಸಂಘ ಅಂದ್ರ ಮತ್ತೇನು?"

ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಮುಕ್ಕುಂದ ಎಂಬ ಹಳ್ಳಿಯ ಒಬ್ಬ ಹೆಣ್ಣುಮಗಳು ಕೂತಿದ್ದಳು. ಯಾರಿಗೇನಾತವ್ವ ಎಂದು ಗಾಬರಿಯಿಂದ ಕೇಳಿದಳು. ಯಾರಿಗೂ ಏನೂ ಆಗಿಲ್ಲ, ಪೇಪರ್ ಕಳುವಾಗಿದೆ ಎಂದೆ. ಪೇಪರಿಗೆ ಅಳುವವಳನ್ನು ಅವಳು ಆವರೆಗೆ ಕಂಡಿರಲಿಲ್ಲ ಎಂದು ಕಾಣುತ್ತದೆ, ಸ್ವಲ್ಪ ಸರಿದು ಕೂತಳು. ಮಸ್ಕಿ ಹತ್ತಿರ ಬರುವಾಗ ಬಸವಂತರಾಯ ಅಣ್ಣನವರ ಫೋನು ಬಂತು. "ಇಲ್ಲಿ ನಾನೂ ಬಿಚ್ಚಿಲ್ಲವಾ. ಬಾಗಲಾ ಹಾಕ್ಕೊಂಡು ಒಳಗ ಕುಂತೀನಿ, ಮಂದಿ ಬಡ್ಯಾಕತ್ತಾರ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಈಗ ಆ ಮುಕ್ಕುಂದದವಳು ಎದ್ದು ಬೇರೆ ಸೀಟಿಗೇ ಹೋದಳು.

ಮಸ್ಕಿ ನಿಲ್ದಾಣದಲ್ಲಿ ಬಸ್ಸು ನಿಂತದ್ದೇ ಜನ ಮುತ್ತಿಕೊಂಡರು. ಹಬ್ಬದ ಹಿಂದಿನ ದಿನ ಸಂತೆಯಲ್ಲಿ ಇರುತ್ತದಲ್ಲ, ಆ ನೂಕುನುಗ್ಗಲು. ಲಿಂಗಸುಗೂರು, ಮುದಗಲ್‌ನ ಗಂಟುಗಳನ್ನು ಬಸ್ಸಿನಲ್ಲೇ ಬಿಟ್ಟು, ಮಸ್ಕಿಯದನ್ನು ಮಾತ್ರ ಇಳಿಸಿದೆ. ಸುಕನ್ಯಾ ಮುಂದೆ ಬಂದಳು. ಗಂಟನ್ನು ಬೆಂಚಿನ ಮೇಲೆ ಇಟ್ಟು, ಅದರ ಪಕ್ಕ ಕೈಕಟ್ಟಿ ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಬಿಚ್ಚವಾ ತಂಗಿ ಲಗೂನ!" ಎಂದು ಜನ ಕೂಗಿದರು.

"ಬಿಚ್ಚಂಗಿಲ್ರಿ. ಮೂರೇ ಅದಾವ. ನಾಲ್ಕನೇದು ಬಂದಿಲ್ಲ."

"ಮೂರರ ಕೊಡು! ಕೂಪನ್ ಅದರಾಗ ಐತಿ!" ನನ್ನ ಅಕ್ಕನ ದನಿಯೇ ಎಲ್ಲರಿಗಿಂತ ಮೇಲೆ. "ರಾಜೀ, ನಿನಗ ನಾಚಿಕಿಲ್ಲೇನು, ಅಕ್ಕಗ ಒಂದು ಪೇಪರ್ ಕೊಡಾಕ ಆಗಂಗಿಲ್ಲಾ?"

"ನೀ ಸುಮ್ನಿರಕ್ಕಾ!" ಎಂದು ನಾನೂ ಅರಚಿದೆ.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಬಿಳಿ ಕಾರಿನಿಂದ ಇಳಿದು ಸಿದ್ದಲಿಂಗೇಶರು ಬಂದರು. ಹಣೆಯಲ್ಲಿ ಕುಂಕುಮ, ಹೊಸ ಅಂಗಿ, ಮುಖದ ತುಂಬ ನಗು. ಬಡಾವಣೆಯಲ್ಲಿ ಪೂಜೆಯ ಹೊತ್ತಾದರೂ ಒಬ್ಬರೂ ಬಾರದ್ದು ಕಂಡು ಹುಡುಕಿಕೊಂಡು ಬಂದಿದ್ದರು. ಕೂಪನ್ ಇಲ್ಲದೆ ಜನ ಏಕೆ ಹೋಗುತ್ತಾರೆ?

"ಏನ್ರಿ ಇದು, ಇನ್ನೂ ಹಂಚಿಲ್ಲೇನು? ಮುಹೂರ್ತ ಮೀರಾಕತ್ತೈತಿ, ಬಿಚ್ರಿ."

ಇಷ್ಟು ಬುದ್ಧಿವಂತ ಮನುಷ್ಯನಿಗೆ ನಮ್ಮ ಕಾಯಿದೆ ಮಾತ್ರ ಗೊತ್ತಿರಲಿಲ್ಲ! ಒಂದನ್ನು ಎತ್ತಿ ಮೂರನ್ನು ಬಿಟ್ಟೆ, ಕೆಲಸ ಮುಗಿಯಿತು ಎಂದುಕೊಂಡಿದ್ದರು. ಸಂತೋಷಕ್ಕೆ ನನ್ನ ಕೈಕಾಲು ನಿಂತಲ್ಲಿ ನಿಲ್ಲಲಿಲ್ಲ. ಬೆಂಚಿನ ಮೇಲೆ ಹತ್ತಿಯೇಬಿಟ್ಟೆ.

"ಕೇಳ್ರಿ ಎಲ್ಲಾರೂ! ನಾಲ್ಕೂ ಪೇಪರ್ ಕೂಡಿದ್ರನ ನಾವು ಗಂಟು ಬಿಚ್ಚೋದು. ಅದು ನಮ್ಮ ಸಂಘದ ಕಾಯಿದಿ. ನಾಲ್ಕನೇದನ್ನ ಈ ಸಾಹೇಬ್ರು ತಮ್ಮ ಕಾರಿನ್ಯಾಗ ಸಿಂಧನೂರಿಂದ ತಂದಾರ. ಮಸ್ಕಿಗೆ ಮುಟ್ಟಸ್ತೀನಿ ಅಂತ ಹೇಳಿ ತಂದಾರ. ಎಲ್ಲಿ ಇಟ್ಟಾರ, ಇವರನ್ನ ಕೇಳ್ರಿ. ಅವು ಬಂದ ಕೂಡ್ಲೆ ಕೂಪನ್ ನಿಮ್ಮ ಕೈಯಾಗ."

ಜನರೆಲ್ಲ ಅವರ ಕಡೆ ತಿರುಗಿದರು. ಅವರ ನಗು ಅಲ್ಲೇ ನಿಂತಿತು.

"ಅದು... ಆ ಪೇಪರ್... ಅದು ನಮ್ಮ ಆಫೀಸಿನ್ಯಾಗ..." ಎಂದು ತಡವರಿಸಿದರು.

"ಇಲ್ರೀ ಸಾಹೇಬ್ರ!" ಅವರ ಡ್ರೈವರ್ ಭೀಮೇಶ ಹಿಂದಿನಿಂದ ಕೂಗಿದ. ನಿಜವಾಗಿಯೂ ಸಾಹೇಬರು ಮರೆತಿದ್ದಾರೆ ಎಂದೇ ಅವನು ತಿಳಿದಿದ್ದ. "ಡಿಕ್ಕಿಯಾಗನ ಅದಾವ್ರಿ, ಹೂವಿನ ಹಾರದ ಬುಡಕ. ತೆಗೀಲೇನ್ರಿ? ನನಗೂ ಒಂದು ಕೂಪನ್ ಬೇಕಿತ್ರಿ, ನಮ್ಮನಿಯಾಕಿ ಬೆಳಿಗ್ಗಿಂದ ಹೇಳಾಕತ್ತಾಳ."

ಸಿದ್ದಲಿಂಗೇಶರು ಅವನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಓಡಿ ಹೋಗುತ್ತಿದ್ದರು. ಅವನು ಅದಾಗಲೇ ಡಿಕ್ಕಿ ತೆಗೆದಿದ್ದ. ಯಾರು ಎತ್ತಿಕೊಟ್ಟರೋ, ಯಾರು ಹೊತ್ತು ತಂದರೋ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ 'ಕೊನೆಭಾಗ'ದ ಕಟ್ಟುಗಳು ತಲೆಗಳ ಮೇಲೆ ತೇಲಿ ಬಂದು ಬೆಂಚಿನ ಮೇಲೆ ಕೂತವು. ಮೇಲೆ ಚೆಂಡುಹೂವಿನ ಎಸಳು ಅಂಟಿದ್ದವು. ಸುಕನ್ಯಾ ಅದನ್ನು ಒಮ್ಮೆ ಸವರಿದಳು. ಆಮೇಲೆ ಗಂಟಿನ ಹಗ್ಗ ಕತ್ತರಿಸಿದಳು.

ಒಬ್ಬೊಬ್ಬರ ಕೈಗೂ ನಾಲ್ಕು ಪೇಪರು. ಜನ ಅಲ್ಲೇ ನಿಂತು ಕೂಪನ್ ಹರಿಯತೊಡಗಿದರು. ಎಮ್ಮೆಯ ಫೋಟೋ ಕಂಡವರು ಮೊದಲು ನಕ್ಕರು. ಆಮೇಲೆ ಒಬ್ಬ, "ಇದು ಬೆಳಿಗ್ಗೆ ಮೊಬೈಲಿನ್ಯಾಗ ಬಂದಿತ್ತಲ್ಲ, ಫೇಕ್ ಅದು" ಎಂದ. ಇನ್ನೊಬ್ಬನೂ ಹೌದೆಂದ. ಸಿದ್ದಲಿಂಗೇಶರ ಮುಖಕ್ಕೆ ಬಣ್ಣ ಮರಳಿತು. "ಅಷ್ಟ ಮತ್ತ! ಯಾವ ಊರಿನ ಎಮ್ಮಿ ತಂದು ಹಾಕ್ಯಾಳೋ ಏನೋ. ನಡೀರಿ, ನಡೀರಿ, ಪೂಜಾ ಸುರು ಮಾಡೋಣ" ಎಂದರು. ನಾಲ್ಕೈದು ಮಂದಿ ಹೊರಟೇಬಿಟ್ಟರು. ಸುಕನ್ಯಾಳ ಕೈ ನನ್ನ ಕೈಯನ್ನು ಹುಡುಕಿ ಗಟ್ಟಿಯಾಗಿ ಹಿಡಿಯಿತು. ಇಷ್ಟೆಲ್ಲ ಮಾಡಿಯೂ ಹೋಯಿತೇ ಎಂದುಕೊಂಡೆ.

"ತಡೀರಿ ತಡೀರಿ!"

ನನ್ನ ಅಕ್ಕ. ಒಂದು ಕೈಯಲ್ಲಿ ನನ್ನ 'ಊರ ಟಪಾಲು', ಇನ್ನೊಂದರಲ್ಲಿ 'ಕೊನೆಭಾಗ'. ಎರಡನ್ನೂ ಬೆಂಚಿನ ಮೇಲೆ ಹಾಸಿ, ಕನ್ನಡಕ ಮೂಗಿಗೆ ಏರಿಸಿದಳು.

"ಇಲ್ನೋಡ್ರಿ. ಜಾಹೀರಾತಿನ್ಯಾಗ 'ಹಳೇ ಬೇವಿನ ಮರದ ತಂಪು ನೆರಳು' ಅಂತ ಹಾಕ್ಯಾರಲ್ಲ, ಈ ಗಿಡ. ಬುಡದಾಗ ಮೂರು ಟೊಂಗಿ, ನಡುವಿಂದು ಮುರದೈತಿ. ಈಗ ಎಮ್ಮಿ ಹಿಂದ ನೋಡ್ರಿ. ಅದ ಗಿಡ! ಅದ ಮುರದ ಟೊಂಗಿ! ನೀರು ಟೊಂಗಿಮಟ ಐತಿ!"

ಒಮ್ಮೆಲೇ ಎಲ್ಲರೂ ಎರಡೆರಡು ಪೇಪರನ್ನು ಜೋಡಿಸಿ ಹಿಡಿದರು. ಇಡೀ ನಿಲ್ದಾಣದಲ್ಲಿ ಕಾಗದದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಯ್ಯಯ್ಯೋ, ಆ ಗಳಿಗೆಯನ್ನು ಹೇಗೆ ಹೇಳಲಿ! ಸಿದ್ದಲಿಂಗೇಶರ ಮರ, ಅವರೇ ಅಂದವಾಗಿ ಅಚ್ಚು ಹಾಕಿಸಿದ ಮರ, ಸುಕನ್ಯಾಳ ಫೋಟೋಕ್ಕೆ ಸಾಕ್ಷಿ ನಿಂತಿತ್ತು. ಅವಳ ಪೇಪರ್ ಒಂದೇ ಬಂದಿದ್ದರೆ ಫೇಕ್ ಎಂದು ಬಿಸಾಡುತ್ತಿದ್ದರು, ನಮ್ಮವು ಮೂರೇ ಬಂದಿದ್ದರೆ ಎಲ್ಲರೂ ಪ್ಲಾಟ್ ಹಿಡಿಯುತ್ತಿದ್ದರು. ನಾಲ್ಕೂ ಒಂದೇ ಕೈಯಲ್ಲಿದ್ದವು.

"ಸಾಹೇಬ್ರ," ಎಂದ ಒಬ್ಬ ಮಾಸ್ತರ, ಕೂಪನ್ನನ್ನು ಎತ್ತಿ ಹಿಡಿದು, "ಮೂಲಿ ಪ್ಲಾಟ್ ಅಂದ್ರಲ್ಲ, ಅದು ಎಮ್ಮಿ ತಲಿ ಕಡಿಗೆ ಬರ್ತೈತೋ, ಬಾಲದ ಕಡಿಗೋ?"

ನಗೆ ಸಿಡಿಯಿತು. ಹೊರಟಿದ್ದ ನಾಲ್ಕೈದು ಮಂದಿ ತಿರುಗಿ ಬಂದು ತಾವೂ ಮರ ನೋಡಿದರು. ಭೀಮೇಶ ತನ್ನ ಕೂಪನ್ನನ್ನು ಒಮ್ಮೆ ನೋಡಿ, ಸಾಹೇಬರನ್ನು ಒಮ್ಮೆ ನೋಡಿ, ಮೆಲ್ಲಗೆ ಕಿಸೆಗೆ ತುರುಕಿಕೊಂಡ. ಬಡಾವಣೆಯ ಕಡೆ ಒಬ್ಬರೂ ಹೋಗಲಿಲ್ಲ.

ಸಿದ್ದಲಿಂಗೇಶರು ನೇರ ನನ್ನ ಹತ್ತಿರ ಬಂದರು. ಮುಖ ಕೆಂಡವಾಗಿತ್ತು. "ನನ್ನ ಜಾಹೀರಾತು ತಗೊಂಡು ನನಗ ಹಿಂಗ ಮಾಡ್ತೀರೇನು? ಇನ್ನ ಮ್ಯಾಲೆ ನಿಮ್ಮ ಮೂರೂ ಪೇಪರಿಗೆ ನನ್ನ ಒಂದು ಅಕ್ಷರ ಸಿಗಂಗಿಲ್ಲ, ತಿಳಕೋರಿ!"

"ನಿಮ್ಮ ಜಾಹೀರಾತಿನ್ಯಾಗ ಒಂದಕ್ಷರ ಬಿಟ್ಟಿಲ್ರಿ ನಾವು," ಎಂದೆ. "ಬಣ್ಣ ಸುದ್ದಾ ಹಂಗ ಬಂದಾವ. ಎಲ್ಲಾರ ಕೈಗೂ ಮುಟ್ಟೈತಿ. ನೀವ ನೋಡ್ರಿ, ಎಷ್ಟು ಮನಸಿಟ್ಟು ಓದಾಕತ್ತಾರ!"

ಅವರು ಕಾರಿನ ಬಾಗಿಲು ಧಡಾರನೆ ಹಾಕಿಕೊಂಡು ಹೋದರು. ಕಟ್ಟುಗಳ ಜೊತೆ ಡಿಕ್ಕಿಯಿಂದ ಬಂದ ಪೂಜೆಯ ಹಾರಗಳು ನಿಲ್ದಾಣದ ಬೆಂಚಿನ ಮೇಲೆಯೇ ಉಳಿದವು.

ಬಸ್ಸಿನ ಕಂಡಕ್ಟರ್ ಪಂಪಾಪತಿ ಅಷ್ಟು ಹೊತ್ತು ಬಸ್ಸು ನಿಲ್ಲಿಸಿಕೊಂಡು ತಾನೂ ಪೇಪರ್ ಓದುತ್ತಿದ್ದ. "ಅಕ್ಕಾರ, ಲಿಂಗಸುಗೂರಿಗೆ ಹೋಗೋದು ಐತೋ ಇಲ್ಲೋ?" ಎಂದು ಸೀಟಿ ಊದಿದ. ನಾನೂ ಸುಕನ್ಯಾಳೂ ಓಡಿದೆವು. ಲಿಂಗಸುಗೂರು, ಮುದಗಲ್‌ನ ಗಂಟುಗಳಿಗೆ 'ಕೊನೆಭಾಗ'ವನ್ನು ಅವಳೇ ಸೇರಿಸಿ ಬಿಗಿದು ಕಟ್ಟಿದಳು. ಸಿಂಧನೂರಿನದನ್ನು ಎದುರು ಬಸ್ಸಿಗೆ ಕೊಟ್ಟಳು.

"ಅಕ್ಕಾರ, ಅವ ನಿಮಗಿನ್ನ ಜಾಹೀರಾತು ಕೊಡಂಗಿಲ್ಲ. ನನ್ನ ಸಲುವಾಗಿ..." ಎಂದಳು. ಅಷ್ಟು ಖಾರದ ಹುಡುಗಿ, ತಲೆ ತಗ್ಗಿಸಿ ಆಗಲೇ ಬಿಗಿದ ಹಗ್ಗವನ್ನೇ ಮತ್ತೆ ಬಿಗಿಯತೊಡಗಿದಳು.

"ಕೊಡದಿದ್ರ ಬಿಡ್ಲಿ. ನಿನ್ನ ಸಲುವಾಗಿ ಅಲ್ಲಬೇ, ನನಗ ನನ್ನ ಗಂಟು ಪೂರಾ ಇರಬೇಕು, ಅಷ್ಟ" ಎಂದು ಗದರಿಸಿ ಬಸ್ ಹತ್ತಿದೆ. ಹೀಗೆ ಗದರಿಸುವಾಗ ನನ್ನ ಕಣ್ಣೂ ಒದ್ದೆಯಾಗಿದ್ದನ್ನು ಅವಳು ನೋಡಿದಳು.

ಬಸ್ಸು ಹೊರಟಿತು. ಉಸ್ಮಾನ್‌ಸಾಬ್ ಚಾಚಾ ಅವರಿಗೆ ಫೋನು ಹಚ್ಚಿದೆ. ಅವರು ಎತ್ತಿದ ಕೂಡಲೇ ಹಲೋ ಕೂಡ ಅನ್ನಲಿಲ್ಲ.

"ಹುಡಿಗಿದು ಬಂತೇನು ಬೇಟಿ?"

"ಬಂತು ಚಾಚಾ. ನಾಲ್ಕೂ ಬರಾಕತ್ತಾವ."

ಆ ಕಡೆಯಿಂದ ಅವರು ಅಂಗಡಿ ಮುಂದಿನ ಜನರಿಗೆ ಕೂಗಿ ಹೇಳಿದ್ದು ಕೇಳಿಸಿತು. ಜೊತೆಗೆ ಪೀರ್‌ಬೀ ಅವರ ನಗುವೂ ಕೇಳಿಸಿತು.